ಬಾವಿಕಟ್ಟೆಯ ಮುದುಕಿ ಏನೆಂದಳು

ಇಬ್ಬರು ನಿವೃತ್ತರನ್ನು ಒಂದೇ ಸೋಫಾದ ಮೇಲೆ ಕೂರಿಸಿ, ಕೈಗೆ ಚಹಾ ಕೊಟ್ಟು ನೋಡಿ. ಕಪ್ಪು-ಬಸಿಗಳು ಅಡುಗೆಮನೆಗೆ ವಾಪಸಾಗುವ ಮೊದಲೇ ಜಗಳ ತಯಾರಾಗಿರುತ್ತದೆ. ಕಾರಣ ಹುಡುಕಬೇಕಾಗಿಲ್ಲ, ಅದೇ ನಡೆದುಕೊಂಡು ಬರುತ್ತದೆ. ಉಳಿದವರು ಆಸ್ತಿಗೋ ರಾಜಕಾರಣಕ್ಕೋ ಬೀಗರಿಗೋ ಜಗಳಾಡುತ್ತಾರೆ. ನಾನು ಮತ್ತು ರಾಯರು ಜಗಳಾಡಿದ್ದು ಕಂಪ್ಯೂಟರ್ ಆಟಕ್ಕೆ. ಅದೂ ಇಬ್ಬರಿಗೂ ಐವತ್ತು ದಾಟಿದ ಮೇಲೆ.

ರಾಯರು ಅಂದರೆ ಹೆಸರಲ್ಲ, ಎಲ್ಲರೂ ಹಾಗೆ ಕರೆಯುತ್ತಿದ್ದರು ಅಷ್ಟೆ. ಬಾಗಲಕೋಟೆ ಕಡೆಯವರು. ನಾನು ಧಾರವಾಡದವನು, ಅಲ್ಲಿಯ ಕಾಲೇಜಿನ ಬಿ.ಎಸ್ಸಿ. ಇಬ್ಬರೂ ಸಿನ್ನರ್‌ನ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೆವು. ತಯಾರಾದ ಮಾಲು ಸರಿಯಿದೆಯೋ ಇಲ್ಲವೋ ನೋಡಿ ಸಹಿ ಹಾಕುವ ಕೆಲಸ. ಮನೆ ನಾಸಿಕ್‌ನ ಇಂದಿರಾನಗರದಲ್ಲಿ, ಒಂದೇ ಗಲ್ಲಿ. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಒಂದೇ ಸೀಟು. ಇಷ್ಟು ಹತ್ತಿರವಿದ್ದರೆ ಒಂದು ದಿನ ಕೆಡಲೇಬೇಕಲ್ಲ.

ಒಂದು ಕುರ್ಚಿ, ಒಂದು ಮಂಚ

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿತ್ತು. ರಾಯರು ಮಗಳ ಇಂಜಿನಿಯರಿಂಗ್ ಓದಿಗೆಂದು ಕಂಪ್ಯೂಟರ್ ತಂದರು. ಮಗಳು ಪುಣೆಯ ಹಾಸ್ಟೆಲಿಗೆ ಹೋದಳು, ಕಂಪ್ಯೂಟರು ಮನೆಯಲ್ಲೇ ಉಳಿಯಿತು. ಅಂಗಡಿಯವನು ಅದರೊಳಗೆ ಪುಕ್ಕಟೆಯಾಗಿ ಎರಡು ಆಟ ತುಂಬಿ ಕೊಟ್ಟಿದ್ದ. ಆಗಲೇ ಹಳೆಯವು. ಹೊಸ ಹುಡುಗರು ಮುಟ್ಟದಂಥವು. ಅದಕ್ಕೇ ನಮ್ಮ ಪಾಲಿಗೆ ಬಂದವು.

ಇವು ಸುಮ್ಮನೆ ಗುಂಡು ಹಾರಿಸುವ ಆಟಗಳಲ್ಲ. ವೀರರ ಪಾತ್ರ ತೊಟ್ಟು ದೇಶವೆಲ್ಲ ಅಲೆಯಬೇಕು. ಊರವರನ್ನು ಮಾತಾಡಿಸಬೇಕು, ಕತ್ತಿ ಕೊಳ್ಳಬೇಕು, ರಾಕ್ಷಸರನ್ನು ಕೊಂದು ಬಲ ಗಳಿಸಬೇಕು. ನಮ್ಮ ಬಯಲಾಟವಿದ್ದ ಹಾಗೆ; ವೇಷ ಹಾಕುವವರೂ ನಾವೇ, ಕಂಬಳಿ ಹಾಸಿಕೊಂಡು ನೋಡುವವರೂ ನಾವೇ. ಮೊದಲನೆಯ ಆಟದಲ್ಲಿ ಆರು ಜನ ವೀರರು ಒಟ್ಟಿಗೆ ತಿರುಗುತ್ತಿದ್ದರು. ಮೌಸಿನಿಂದ ಯಾರನ್ನೇ ಒತ್ತಿದರೂ ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಮಾತು ಮೂಡುತ್ತಿತ್ತು.

ಮಾತು ಮೂಡುತ್ತಿತ್ತು ಅಂತ ಹೇಳಿದೆ, ಓದುತ್ತಿದ್ದೆ ಅಂತ ಹೇಳಲಿಲ್ಲ. ಕುರ್ಚಿ ಒಂದೇ. ಕಂಪ್ಯೂಟರ್ ರಾಯರದಾದ್ದರಿಂದ ಕುರ್ಚಿಯೂ ರಾಯರದು. ನಾನು ಹಿಂದೆ ಮಂಚದ ಮೇಲೆ. ಅಲ್ಲಿಂದ ನೋಡಿದರೆ ಆ ಅಕ್ಷರಗಳು ಸಾಲಾಗಿ ಹೊರಟ ಇರುವೆಗಳು. ಹೀಗಾಗಿ ಪ್ರತಿ ಶನಿವಾರ ಸಂಜೆ ರಾಯರು ಓದಿ ಕನ್ನಡದಲ್ಲಿ ಹೇಳುವುದು, ನಾನು ಕೇಳುವುದು. ನನ್ನ ಹೆಂಡತಿಯೂ ಬಂದು ಮಂಚದ ತುದಿಯಲ್ಲಿ ಕೂತು ವಟಾಣಿ ಬಿಡಿಸುತ್ತಿದ್ದಳು.

ಮೊದಲ ಊರಿನ ಬಾವಿಕಟ್ಟೆಯ ಮೇಲೆ ಒಬ್ಬ ಮುದುಕಿ. ರಾಯರು ಅವಳನ್ನು ಒತ್ತಿದರು, ಒಂದು ಗಳಿಗೆ ಪರದೆ ನೋಡಿದರು, ಆಮೇಲೆ ಗಂಟಲು ಸಣ್ಣ ಮಾಡಿದರು.

"ಯಾರಲೇ ನೀವು, ಊರಿಗೆ ಹೊಸಬ್ರು ಕಾಣಸ್ತೀರಿ. ಕತ್ತಿ ಆಮ್ಯಾಲ ತಿರುವೀರಂತ, ಮೊದಲ ಈ ಕೊಡಾ ಎತ್ತಿ ನನ್ನ ತಲಿ ಮ್ಯಾಲ ಇಡ್ರಿ. ಮನ್ಯಾಗ ಸೊಸಿಗೆ ದಿನಾ ತುಂಬ್ಯಾವ."

ಅಂದಿನಿಂದ ನಾವು ಮೂವರೂ ಆ ಊರಿನವರಾದೆವು. ಮುದುಕಿಗೂ ಊರ ಗೌಡನಿಗೂ ಹೊಲದ ಬದುವಿನ ತಂಟೆ. ರಾಜನಿಗೆ ಹಲ್ಲುನೋವು. ಗುಹೆಯ ರಾಕ್ಷಸನಿಗೆ ಮದುವೆಯಾಗಿಲ್ಲ, ಆ ಸಿಟ್ಟಿಗೇ ಊರು ಸುಡುತ್ತಾನೆ. ಒಂದು ಶನಿವಾರ ನನ್ನ ಹೆಂಡತಿ ವಟಾಣಿ ಬಿಡಿಸುವುದು ನಿಲ್ಲಿಸಿ, ಆ ಮುದುಕಿಯ ಸೊಸೆ ಹಡೆದಳೇನ್ರಿ ಅಂತ ಕೇಳಿದಳು. ರಾಯರು ಪರದೆಯಿಂದ ಕಣ್ಣು ತೆಗೆಯದೆ, "ಹಡದಾಳ್ರಿ ವೈನಿ. ಹೆಣ್ಣು. ಇಬ್ರೂ ಆರಾಮ ಅದಾರ" ಅಂದರು.

ಮುಂದಿನ ಶನಿವಾರ ಇವಳು ಒಂದು ಡಬ್ಬಿ ಅಂಟಿನುಂಡಿ ಕಟ್ಟಿಕೊಂಡು ಬಂದಳು. ಬಾಣಂತಿಗೆ ಮುಟ್ಟಿಸುತ್ತೇನೆ ಅಂತ ಹೇಳಿ ರಾಯರು ಡಬ್ಬಿ ಖಾಲಿಯಾಗುವ ತನಕ ಮುಟ್ಟಿದರು.

ಕತ್ತಿಯ ತಪಾಸಣೆ

ಹೊಟ್ಟೆಪಾಡಿಗೆ ಮಾಡಿದ ಕೆಲಸ ಮೈಗೆ ಹತ್ತಿಬಿಡುತ್ತದೆ. ಇನ್ನೊಬ್ಬರ ಮನೆಗೆ ಊಟಕ್ಕೆ ಹೋದರೂ ನಾನು ಬಾಗಿಲಿನ ಚಿಲಕ ಎಳೆದು ನೋಡುವವನೇ. ಹೀಗಿರುವಾಗ ಆಟದಲ್ಲಿ ಕಮ್ಮಾರನ ಅಂಗಡಿ ಬಂತು. ಗುಹೆಗೆ ಹೋಗುವ ಮುಂಚೆ ಕತ್ತಿ ಕೊಳ್ಳಬೇಕಿತ್ತು. ರಾಯರು ಮೊದಲನೆಯ ಕತ್ತಿ ಒತ್ತುವಷ್ಟರಲ್ಲಿ ನಾನು ಮಂಚದಿಂದಲೇ ತಡೆದೆ. ಒಂದೇ ನಮೂನೆ ನೋಡಿ ಮಾಲು ಪಾಸು ಮಾಡುವುದುಂಟೇ? ಇನ್ನೊಂದು ತೋರಿಸಲು ಹೇಳಿ, ಹಿಡಿ ಅಲ್ಲಾಡುತ್ತದೋ ಕೇಳಿ ಅಂದೆ.

ರಾಯರು ಏನೋ ಒತ್ತಿದರು, ಕಾದರು. ಕಮ್ಮಾರನ ಉತ್ತರ ಬಂತು.

"ನಮ್ಮಜ್ಜನ ಕಾಲದಿಂದ ಕತ್ತಿ ಬಡಿಯಾಕತ್ತೇವಿ. ಹಿಡಿ ಅಲ್ಲಾಡ್ತೈತೇನು ಅಂತ ಕೇಳಿದಾವ ನೀನ ಮೊದಲನೇದಾವ. ನೀ ತಪಾಸ ಮಾಡೂದ ನೋಡಿನ ರಾಕ್ಷಸ ಮುದುಕಾಗಿ ಸಾಯ್ತಾನ ತಗೋ."

ನನಗೆ ಕೆಣಕಿದಂತಾಯಿತು. ಅದೂ ಬೇಡ, ಇದೂ ಬೇಡ ಅಂತ ಅಂಗಡಿಯಲ್ಲಿದ್ದ ಕತ್ತಿಯನ್ನೆಲ್ಲ ತಿರಸ್ಕರಿಸಿದೆ. ಬರಿಗೈಯಲ್ಲಿ ಗುಹೆಗೆ ಹೋದೆವು. ಒಳಗೆ ಕಾಲಿಟ್ಟ ಕೂಡಲೇ ಆರೂ ವೀರರು ಸತ್ತರು.

ಆಮೇಲೆ ರಾಯರು ಓದಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮುದುಕಿ ಗುಹೆಯ ಬಾಯಿಗೆ ಬಂದು, ಒಬ್ಬೊಬ್ಬರ ಗುಣ ಎತ್ತಿ ಎತ್ತಿ, ಹಾಡ್ಯಾಡಿಕೊಂಡು ಅತ್ತಳು. ನನ್ನ ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಕೆಮ್ಮಿದೆ. ಕಡೆಗೆ, ಆರು ಜನರಲ್ಲಿ ನನ್ನ ಪಾಲಿಗಿದ್ದ ವೀರನ ಹೆಣದ ಹತ್ತಿರ ಬಂದವಳು, ಇವನ ಗುಣ ಏನು ಹೇಳಲಿ ಅಂತ ಸ್ವಲ್ಪ ಯೋಚಿಸಿ, "ತಪಾಸಣಿ ಮಾತ್ರ ಛಲೋ ಮಾಡತಿದ್ದ ನನ್ನಪ್ಪಾ" ಅಂದು ಮುಂದೆ ಹೋದಳು.

ಮಾತಿಲ್ಲದ ಆಟ

ಮುಂದೆ ಒಂದು ದಿನ ರಾಯರು ಎರಡನೆಯ ಆಟ ತೆಗೆದರು. ಇದರಲ್ಲಿ ಒಬ್ಬನೇ ವೀರ. ನೆಲಮಾಳಿಗೆಗೆ ಇಳಿಯುತ್ತಾನೆ, ಎದುರು ಬಂದದ್ದನ್ನು ಕೊಲ್ಲುತ್ತಾನೆ, ಇನ್ನೂ ಕೆಳಗೆ ಇಳಿಯುತ್ತಾನೆ. ಯಾರೂ ಮಾತಾಡುವುದಿಲ್ಲ. ಟಿಕ್ ಟಿಕ್ ಅಂತ ಒತ್ತುವ ಸದ್ದು ಬಿಟ್ಟರೆ ಮನೆಯಲ್ಲಿ ಮೌನ. ರಾಯರ ಮುಖದ ಮೇಲೆ ಎಂಥ ಸಮಾಧಾನ ಅಂದರೆ, ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತವರ ಹಾಗೆ.

ಹೀಗೇ ಶನಿವಾರಗಳು ಕಳೆದವು. ನನ್ನ ಹೆಂಡತಿ ಬರುವುದು ಬಿಟ್ಟಳು. ನಾನು ಮಂಚದ ಮೇಲೆ ಕೂತು ಕೂತು ಬೇಸತ್ತೆ. ಆರು ಜನರ ಆಟ ಹಚ್ಚಿ ಅಂದರೆ ಇವತ್ತು ಬೇಡ ಅನ್ನುತ್ತಿದ್ದರು.

ನನಗೆ ಮಾತು ಜಾಸ್ತಿ, ಅದನ್ನು ಮುಚ್ಚಿಡುವುದೇಕೆ. ಒಂದು ಸಂಜೆ ಎರಡೂ ಆಟಗಳನ್ನು ತೂಗಿ ಒಂದು ಭಾಷಣವನ್ನೇ ಮಾಡಿದೆ. ಆರು ಜನರ ಆಟದಲ್ಲಿ ಮನುಷ್ಯರಿದ್ದಾರೆ, ಇದರಲ್ಲಿ ಬರೀ ಹೆಣಗಳಿವೆ ಅಂದೆ. ಅದರಲ್ಲಿ ಒಬ್ಬೊಬ್ಬರದೂ ಒಂದೊಂದು ನುಡಿ, ಇದು ಮಾತಿಲ್ಲದ ಮದುವೆಮನೆ ಅಂದೆ. ಅದನ್ನು ಬರೆದ ಮಹಾನುಭಾವ ಯಾವ ದೇಶದವನೋ, ಸಿಕ್ಕರೆ ಕಾಲಿಗೆ ಬೀಳುತ್ತೇನೆ ಅಂತಲೂ ಅಂದೆ.

ರಾಯರು ಒತ್ತುವುದನ್ನು ನಿಲ್ಲಿಸಿ ಕುರ್ಚಿ ತಿರುಗಿಸಿದರು. ಅವರು ಕುರ್ಚಿ ತಿರುಗಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಅದರಾಗ ಕಥಿ ಎಲ್ಲೈತ್ರಿ?" ಅಂದರು.

ನನ್ನ ಪಿತ್ತ ನೆತ್ತಿಗೇರಿತು. ಇಷ್ಟು ದಿನ ಓದಿ ಹೇಳಿದವರು ಕೇಳುವ ಪ್ರಶ್ನೆಯೇ ಇದು? "ಓದೂ ಬಾಯಿ ಬ್ಯಾರೆ, ತಿಳಿಯೂ ತಲಿ ಬ್ಯಾರೆ ರಾಯರ. ನೀವು ಬರೇ ಓದತಿದ್ರಿ. ಕಥಿ ತಿಳಕೊಂಡಾವ ನಾನು."

ರಾಯರು ಎದ್ದು ಕಂಪ್ಯೂಟರಿಗೆ ಗವಸು ಹೊದಿಸಿದರು. ಹೆಣದ ಮೇಲೆ ಬಟ್ಟೆ ಎಳೆದ ಹಾಗೆ. ಅಲ್ಲಿಗೆ ಮಾತು ನಿಂತಿತು.

ಮಾತು ಬಿಟ್ಟವರು ಬೇರೆ ಬೇರೆ ಕೂರಬೇಕಲ್ಲ? ಕಂಪನಿ ಬಸ್ಸಿನಲ್ಲಿ ನಮ್ಮದು ಎರಡನೆಯ ಸಾಲು, ಬಾಗಿಲ ಹತ್ತಿರದ ಗಾಳಿ ಬರುವ ಸೀಟು. ಅದನ್ನು ನಾನೇಕೆ ಬಿಡಲಿ ಅಂತ ನಾನು, ಅವರೇಕೆ ಬಿಡಲಿ ಅಂತ ಅವರು. ರಾಯರು ನಿವೃತ್ತರಾಗುವ ತನಕ, ವರ್ಷಗಟ್ಟಲೆ, ಭುಜಕ್ಕೆ ಭುಜ ತಾಗಿಸಿಕೊಂಡು ದಿನಾ ಸಿನ್ನರ್‌ಗೆ ಹೋಗಿ ಬಂದೆವು. ಹೊಸದಾಗಿ ಸೇರಿದ ಹುಡುಗರಿಗೆ ನಮ್ಮ ಮ್ಯಾನೇಜರು ನಮ್ಮಿಬ್ಬರನ್ನು ತೋರಿಸಿ, ಸ್ನೇಹ ಅಂದರೆ ಹೀಗಿರಬೇಕು, ಮಾತಿನ ಅಗತ್ಯವೇ ಇಲ್ಲ ಅನ್ನುತ್ತಿದ್ದರು.

ಕನ್ನಡಕ

ರಾಯರು ನಿವೃತ್ತಿಯಾಗಿ ಮಗಳನ್ನು ಕೊಟ್ಟ ಊರಿಗೆ ಹೋದರು. ಆಗಿನ್ನೂ ಔರಂಗಾಬಾದ್ ಅನ್ನುತ್ತಿದ್ದ ಈಗಿನ ಸಂಭಾಜಿನಗರಕ್ಕೆ. ಆಮೇಲೆ ನಾನೂ ನಿವೃತ್ತನಾದೆ. ಹಾರ ಹಾಕಿಸಿಕೊಂಡು ಮನೆಗೆ ಬಂದ ಮರುದಿನ ಬೆಳಿಗ್ಗೆ ತಿಳಿಯಿತು, ಇನ್ನು ಮೇಲೆ ನನ್ನ ಮಾತು ಕೇಳಲು ಸಂಬಳ ಪಡೆಯುವವರು ಯಾರೂ ಇಲ್ಲ ಅಂತ.

ಹಳೆಯದೆಲ್ಲ ಚಿನ್ನ ಅಂತಾರೆ. ಅದು ಹಳೆಯದನ್ನು ಹೊರಗೆ ತೆಗೆದು ನೋಡದವರ ಮಾತು. ನಾನು ತೆಗೆದು ನೋಡಿದೆ. ಒಂದು ಲ್ಯಾಪ್‌ಟಾಪ್ ತಂದು, ಅಂಗಡಿಯವರ ಬೆನ್ನು ಹತ್ತಿ, ಆ ಆರು ಜನರ ಆಟವನ್ನೇ ಹುಡುಕಿಸಿ ಹಾಕಿಸಿದೆ. ಇವತ್ತು ಕುರ್ಚಿ ನನ್ನದು. ಹೊಸ ಕನ್ನಡಕವೂ ಇದೆ. ಹೆಂಡತಿಗೆ ಬಾ ಅಂತ ಕೂಗಿದೆ. ಅವಳು ವಟಾಣಿ ತಟ್ಟೆ ಹಿಡಿದು ಓಡಿ ಬಂದಳು. ಬಾವಿಕಟ್ಟೆಗೆ ಹೋಗಿ ಮುದುಕಿಯನ್ನು ಒತ್ತಿದೆ.

ನೀರು ತಣ್ಣಗಿದೆ ಅಂತ ಇಂಗ್ಲಿಷಿನಲ್ಲಿ ಮೂಡಿತು.

ಮತ್ತೆ ಒತ್ತಿದೆ. ನೀರು ತಣ್ಣಗಿದೆ. ಹಿಂದಿನಿಂದ ಹೋಗಿ ಒತ್ತಿದೆ. ಆಗಲೂ ಅದೇ. ಗೌಡನ ಮನೆಗೆ ಹೋದರೆ, ಸ್ವಾಗತ ಪ್ರಯಾಣಿಕ ಅಂದ. ರಾಜನೂ ಅಷ್ಟೇ ಅಂದ. ಹಲ್ಲಿನ ಸುದ್ದಿಯೇ ಇಲ್ಲ. ಕಮ್ಮಾರ ಕತ್ತಿಗಳ ಬೆಲೆ ತೋರಿಸಿ ಸುಮ್ಮನಾದ. ನನಗೆ ಹಟ ಹತ್ತಿತು. ಬೇಕಂತಲೇ ಗುಹೆಗೆ ಹೋಗಿ ಸತ್ತೆ. ಅಳಲು ಯಾರೂ ಬರಲಿಲ್ಲ. ಪರದೆ ಕಪ್ಪಾಯಿತು, ಮತ್ತೆ ಆಡುತ್ತೀರಾ ಅಂತ ಕೇಳಿತು.

ಎಷ್ಟೋ ದಿನ ಆ ರಾಜ್ಯವನ್ನು ಮೂಲೆ ಮೂಲೆ ಜಾಲಾಡಿದೆ. ಇಡೀ ದೇಶದಲ್ಲಿ ಒಬ್ಬ ಸೊಸೆಯೂ ಇರಲಿಲ್ಲ.

ಅನುವಾದದಲ್ಲಿ ಒಂದಿಷ್ಟು ಒಗ್ಗರಣೆ ಇರುತ್ತದೆ ಅಂತ ನನಗೂ ಅನುಮಾನವಿತ್ತು. ಸಾರೂ ಅವರದೇ, ಪಾತ್ರೆಯೂ ಅವರದೇ ಅಂತ ಗೊತ್ತಿರಲಿಲ್ಲ. ಕೆಲಸದಿಂದ ದಣಿದು ಬಂದ ಮನುಷ್ಯ ಪ್ರತಿ ಶನಿವಾರ ನಮಗಾಗಿ ಒಂದು ಊರು ಕಟ್ಟಿ, ಗಂಟಲು ನೊಂದಾಗ ಮಾತಿಲ್ಲದ ಆಟ ಹಚ್ಚಿ ಸುಧಾರಿಸಿಕೊಳ್ಳುತ್ತಿದ್ದರು. ಆ ಕಥೆ ಕಟ್ಟಿದವರ ಮುಂದೆಯೇ ನಿಂತು, ನಿಮಗೆ ಕಥೆ ತಿಳಿಯುವುದಿಲ್ಲ ಅಂತ ಹೇಳಿದ ಬಿ.ಎಸ್ಸಿ. ಪದವೀಧರ ನಾನು.

ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಿದೆ. ಅವಳು ತಟ್ಟೆಯಲ್ಲಿದ್ದ ವಟಾಣಿಯನ್ನೆಲ್ಲ ಬಿಡಿಸಿ ಮುಗಿಸಿದಳು.

"ರಾಯರು ಸುಳ್ಳ ಹೇಳೂ ಮನಷ್ಯಾ ಅಲ್ಲ" ಅಂದಳು ಕಡೆಗೆ. "ಆ ಬಾಣಂತಿನ್ನ ತವರುಮನಿಗೆ ಕಳಿಸಿರಬೇಕು, ನೀವು ಸರಿಯಾಗಿ ಹುಡುಕಿಲ್ಲ."

ನಾಲ್ಕನೆಯ ಮಹಡಿ

ಹೋಗಿ ಒಂದು ಮಾತು ಹೇಳಿ ಬರಬೇಕು ಅನ್ನಿಸಿತು. ನಾಸಿಕ್‌ನಿಂದ ಎಸ್.ಟಿ. ಬಸ್ಸು ಹತ್ತಿದೆ. ನಿಫಾಡ್‌ನ ದ್ರಾಕ್ಷಿ ತೋಟಗಳು ಮುಗಿದು ಯೇವಲಾ ಬರುವ ತನಕ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೊಂದಿಸಿದೆ. ಯೇವಲಾದಿಂದ ಮುಂದೆ ಅದನ್ನೆಲ್ಲ ಕಿತ್ತು ಮತ್ತೆ ಹೊಂದಿಸಿದೆ.

ರಾಯರ ಫ್ಲ್ಯಾಟು ನಾಲ್ಕನೆಯ ಮಹಡಿಯಲ್ಲಿ. ಬಾಗಿಲು ತೆಗೆದವರು ನನ್ನನ್ನು ನಿನ್ನೆ ನೋಡಿದವರ ಹಾಗೆ, ಬರ್ರಿ ಅಂದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಕರೆಗಂಟೆ ಬಡಿಯಿತು. ಅದೇ ಕಾಲೊನಿಯ ಮೂವರು ನಿವೃತ್ತರು, ಮರಾಠಿಯವರು, ಒಳಗೆ ಬಂದು, ಪರದೆಯ ಅಕ್ಷರ ಕಾಣದಷ್ಟು ಹಿಂದೆ, ತಮ್ಮ ತಮ್ಮ ಜಾಗದಲ್ಲಿ ಕೂತರು. ಅವರಲ್ಲಿ ಹಿರಿಯರು ಒಬ್ಬ ಹೆಡ್‌ಮಾಸ್ತರರು. ರಾಯರು ಕಂಪ್ಯೂಟರಿನ ಗವಸು ತೆಗೆದರು.

ಅದೇ ಆಟ. ಅದೇ ಬಾವಿಕಟ್ಟೆ. ರಾಯರು ಮುದುಕಿಯನ್ನು ಒತ್ತಿ ಗಂಟಲು ಸಣ್ಣ ಮಾಡಿದರು. ಮುದುಕಿ ಮರಾಠಿಯಲ್ಲಿ ಶುರುಮಾಡಿದಳು. ಸೊಸೆಯ ಕೂಸು ಈಗ ಶಾಲೆಗೆ ಹೋಗುತ್ತಿತ್ತು. ಮೇಷ್ಟ್ರು ಹೊಡೆದರು ಅಂತ ಮುದುಕಿ ಕೊಡ ಬಿಟ್ಟು ಶಾಲೆಗೆ ನಡೆದಿದ್ದಳು. ಹೆಡ್‌ಮಾಸ್ತರರು ತೊಡೆ ತಟ್ಟಿ ನಕ್ಕರು. ಮುದುಕಿ ಮರಾಠಿಯಲ್ಲಿ ಇನ್ನೂ ಹರಿತವಾಗಿದ್ದಳು, ಅದೇ ನನಗೆ ಹೊಟ್ಟೆಯುರಿ. ಮೆಲ್ಲಗೆ ಬಗ್ಗಿ, ಕನ್ನಡದಲ್ಲಿ ಒಂದು ಸಲ ಮಾತಾಡಿಸ್ರಿ ಅಂದೆ.

"ಇಲ್ಲಿ ಕೇಳಾವ್ರು ಯಾರದಾರ್ರಿ?" ಅಂದರು ರಾಯರು. ನಾನು ಅಲ್ಲೇ ಕೂತಿದ್ದೆ.

ಚಹಾ ಬಂದಾಗ ನನ್ನ ಗಳಿಗೆ ಬಂತು ಅಂದುಕೊಂಡೆ. ತಪ್ಪಾಯಿತು ಅಂತ ಒಬ್ಬರೇ ಇದ್ದಾಗ ಹೇಳುವುದಕ್ಕಿಂತ ನಾಲ್ಕು ಜನರ ಮುಂದೆ ಹೊಗಳಿದರೆ ತೂಕ ಹೆಚ್ಚು. ನನಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಎದ್ದು ನಿಂತು ಭಾಷಣ ಮಾಡಿದೆ. ಈ ಆಟದಲ್ಲಿ ಏನೂ ಇಲ್ಲ ಸ್ವಾಮಿ, ನಾನೇ ಓದಿ ನೋಡಿದ್ದೇನೆ. ಮುದುಕಿ ನೀರು ತಣ್ಣಗಿದೆ ಅನ್ನುವುದು ಬಿಟ್ಟರೆ ಇನ್ನೊಂದು ಮಾತು ಆಡುವುದಿಲ್ಲ. ಸೊಸೆ, ಕೂಸು, ಗೌಡ, ಎಲ್ಲ ಈ ಮನುಷ್ಯನ ತಲೆಯೊಳಗಿನಿಂದ ಬಂದದ್ದು. ಇಂಥ ಕಲಾವಿದರು ನಿಮ್ಮ ಕಾಲೊನಿಯಲ್ಲಿದ್ದಾರೆ.

ಚಪ್ಪಾಳೆ ಬರುತ್ತದೆ ಅಂತ ಕಾದೆ.

ಹೆಡ್‌ಮಾಸ್ತರರು ಕಪ್ಪು ಕೆಳಗಿಟ್ಟರು. ಹಾಗಾದರೆ ಇಷ್ಟು ದಿನ ನಾವು ಕೇಳಿದ್ದು ಸುಳ್ಳೇ ಅಂತ ಬಹಳ ಮೆತ್ತಗೆ ಕೇಳಿದರು. ಇನ್ನೊಬ್ಬರು, ಆ ಆರು ಜನ ಸತ್ತ ದಿನ ಮನೆಗೆ ಹೋಗಿ ನಾನು ಊಟ ಮಾಡಿರಲಿಲ್ಲ ಅಂದರು. ಮೂರನೆಯವರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ರಾಯರು ನನ್ನನ್ನು ನೋಡಿದರು. ನಾನು ಅವರ ಮನೆಗೆ ಬಂದು, ಅವರ ಚಹಾ ಕುಡಿದು, ಅವರ ಊರಿಗೆ ಬೆಂಕಿ ಹಚ್ಚಿದ್ದೆ.

ಆಮೇಲೆ ರಾಯರು, ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡದ ಹಾಗೆ, ಮರಾಠಿಯಲ್ಲಿ ಹೇಳಿದರು.

"ಇವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ."

ಮೂರು ಮುಖ ನನ್ನ ಕಡೆ ತಿರುಗಿದವು. ನಾನು ಧಾರವಾಡದಲ್ಲಿ ಇಂಗ್ಲಿಷ್ ನಾಟಕವನ್ನು ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದವನು. ರಾಯರಿಗೆ ಅದು ಗೊತ್ತು. ನಾನೇ ಬಸ್ಸಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಅವರು ನನ್ನನ್ನೇ ನೋಡುತ್ತಿದ್ದರು. ಬಿಗಿದ ತುಟಿ, ಕಣ್ಣು ಮಾತ್ರ ಬೇಡುತ್ತಿತ್ತು.

"ಹೌದ್ರಿ," ಅಂದೆ ನಾನು, ಮರಾಠಿ ಮರೆತು ಕನ್ನಡದಲ್ಲೇ. ಆಮೇಲೆ ಮರಾಠಿಯಲ್ಲಿ, "ಬರುವುದಿಲ್ಲ."

ಚಪ್ಪಲಿ ಹುಡುಕುತ್ತಿದ್ದವರು ವಾಪಸು ಬಂದು ಕೂತರು. ರಾಯರು ಕುರ್ಚಿಯನ್ನು ಸ್ವಲ್ಪ ಸರಿಸಿ ಪಕ್ಕಕ್ಕೊಂದು ಸ್ಟೂಲು ಎಳೆದು, ಇಲ್ಲಿ ಕೂಡ್ರಿ ಅಂದರು. ಮೊದಲ ಸಲ ನಾನು ರಾಯರ ಪರದೆಯ ಹತ್ತಿರ ಕೂತೆ. ನೀರು ತಣ್ಣಗಿದೆ ಅಂತ ಸ್ಪಷ್ಟವಾಗಿ ಬರೆದಿತ್ತು. ಅದರ ಮೇಲೆಯೇ ಬೆರಳಿಟ್ಟು ರಾಯರು ಮೇಷ್ಟ್ರನ್ನೂ ಮುದುಕಿಯನ್ನೂ ಮುಕ್ಕಾಲು ಗಂಟೆ ಜಗಳಾಡಿಸಿದರು.

ಎಲ್ಲರೂ ಹೊರಡುವಾಗ ಹೆಡ್‌ಮಾಸ್ತರರು ನನ್ನ ಹೆಗಲ ಮೇಲೆ ಕೈಯಿಟ್ಟರು. ಓದಲು ಬಾರದಿದ್ದರೂ ಇಷ್ಟು ವರ್ಷ ನೌಕರಿ ಮಾಡಿದಿರಲ್ಲ, ದೊಡ್ಡದು ಅಂದರು. ಏನು ಕೆಲಸ ಅಂತ ಕೇಳಿದರು. ತಪಾಸಣೆ, ಮಾಲು ಸರಿಯಿದೆ ಅಂತ ಸಹಿ ಹಾಕುವುದು ಅಂದೆ. ಕಾಗದ ಓದದೆಯೇ? ಓದದೆಯೇ, ಅಂದರು ರಾಯರು ಹಿಂದಿನಿಂದ. ಮಾತಾಡುತ್ತಲೇ ಹೊರಗೆ ಬಂದಿದ್ದೆವು. ಹೆಡ್‌ಮಾಸ್ತರರು ಗೋಡೆಯ ಮೇಲಿನ ಗುಂಡಿ ಒತ್ತಿ, ನಿಮ್ಮ ಕಾರ್ಖಾನೆಯಲ್ಲಿ ಏನು ತಯಾರಾಗುತ್ತಿತ್ತು ಅಂತ ಕೇಳಿದರು.

"ಲಿಫ್ಟು" ಅಂದೆ.

ಅಷ್ಟರಲ್ಲಿ ಅದು ಬಂದು ಬಾಗಿಲು ತೆರೆಯಿತು. ಹೆಡ್‌ಮಾಸ್ತರರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮೊಣಕಾಲಿಗೆ ವ್ಯಾಯಾಮ ಒಳ್ಳೆಯದು ಅಂದರು. ಆಮೇಲೆ ಮೂವರು ಮುದುಕರೂ ಒಬ್ಬರ ಹಿಂದೊಬ್ಬರು, ಗೋಡೆ ಹಿಡಿದುಕೊಂಡು, ನಾಲ್ಕು ಮಹಡಿ ಮೆಟ್ಟಿಲಿಳಿದು ಹೋದರು.